ಉಸಿರಿನ ಗೇಣಿ

ಲೋಲಾಕ್ಷಿಯಮ್ಮನನ್ನು ಮಗ, ಸೊಸೆ ನೋಡಿಕೊಳ್ಳುವ ರೀತಿ ಕಂಡರೆ ಬೇರೆ ಅತ್ತೆಯಂದಿರಿಗೆ ಹೊಟ್ಟೆ ಉರಿಯುತ್ತಿತ್ತು. ಬಸಳೆ, ಹರಿವೆ ಕೊಳ್ಳಲು ಮಸ್ಕತ್‌ನಿಂದ ಬರ್ಕಾದ ತೋಟಕ್ಕೆ ಬರುವ ಊರಿನ ಹೆಂಗಸರು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಸೊಸೆ ಪ್ರಫುಲ್ಲಾ ಕುಚ್ಚಲಕ್ಕಿ ಗಂಜಿಯನ್ನು ಆರಿಸಿ, ಮೀನಿನ ಮುಳ್ಳು ಬಿಡಿಸಿ ಅತ್ತೆಯ ತಟ್ಟೆಗೆ ಹಾಕುತ್ತಿದ್ದಳು. ಬಚ್ಚಲಿನಲ್ಲಿ ಜಾರಬಾರದೆಂದು ರಬ್ಬರ್ ಹಾಸು, ಹಿಡಿದುಕೊಳ್ಳಲು ಸ್ಟೀಲಿನ ಸರಳು. ಮಗ ಹರ್ಷಿತ್ ತರಕಾರಿ ತುಂಬಿದ ಪಿಕಪ್ ಹತ್ತುವ ಮುಂಚೆ ತಾಯಿಯ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡದೆ ಹೋದ ದಿನವಿಲ್ಲ.

"ಪುಣ್ಯ ಮಾಡಿದ್ದೀರಿ ಲೋಲಾಕ್ಷಿಯಕ್ಕ," ಎಂದಳು ಮಸ್ಕತ್‌ನ ವಾದಿ ಅದಾಯ್ ಕಡೆಯಿಂದ ಬಂದ ಒಬ್ಬಾಕೆ. "ನನ್ನ ಸೊಸೆ ನನಗೆ ಬಿಪಿ ಬರಿಸುವುದು ಮಾತ್ರ, ನೋಡುವುದಿಲ್ಲ."

ಲೋಲಾಕ್ಷಿಯಮ್ಮ ಬಾಯಿ ತುಂಬ ನಕ್ಕರು. ಈ ಆರೈಕೆಗೆ ಇನ್ನೊಂದು ಕಾರಣವೂ ಉಂಟೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಮನಸ್ಸಿಗೆ ತಂದುಕೊಂಡಿರಲಿಲ್ಲ, ಅಷ್ಟೇ.

ಕಾರಣ ಹಳೆಯದು. ಈಗ ತೀರಿಹೋಗಿರುವ ಗಂಡ ಭೋಜರಾಜ ಈ ತೋಟದ ಮೇಸ್ತ್ರಿಯಾಗಿದ್ದ ಕಾಲ. ತೋಟದ ಯಜಮಾನ ನಾಸರ್ ಎಂಬ ಒಮಾನಿ. ಅವನ ಹೆಂಡತಿ ಕೊನೆಯ ಮಗು ಅಹ್ಮದ್‌ನನ್ನು ಹೆತ್ತು ಜ್ವರ ಹಿಡಿದು ಮಲಗಿದಳು. ಮಗು ಬಾಟಲಿ ಬಾಯಿಗಿಟ್ಟರೆ ಉಗುಳುತ್ತಿತ್ತು. ಆಗ ಲೋಲಾಕ್ಷಿಯ ಮಡಿಲಲ್ಲಿ ಹರ್ಷಿತ್ ಇನ್ನೂ ಮೊಲೆ ಕುಡಿಯುವ ಕೂಸು. ಯಾರೂ ಹೇಳುವ ಮುಂಚೆಯೇ ಆಕೆ ಆ ಮಗುವನ್ನೂ ಎತ್ತಿಕೊಂಡಳು. ಅವರ ಧರ್ಮದಲ್ಲಿ ಹಾಲು ಕೊಟ್ಟವಳು ಬರೀ ದಾದಿಯಲ್ಲ, ತಾಯಿ. ಅಹ್ಮದ್ ಇವತ್ತಿಗೂ ಆಕೆಯನ್ನು ಉಮ್ಮಿ ಎಂದೇ ಕರೆಯುತ್ತಾನೆ. ಮುದುಕ ನಾಸರ್ ಸಾಯುವ ಮುಂಚೆ ಗಂಡುಮಕ್ಕಳನ್ನು ಕೂರಿಸಿಕೊಂಡು ಮಾತು ತೆಗೆದುಕೊಂಡಿದ್ದ: ಈ ಹೆಂಗಸು ಈ ತೋಟದ ಮನೆಯಲ್ಲಿ ಉಸಿರಾಡುವವರೆಗೆ ತೋಟವನ್ನು ಪಾಲು ಮಾಡಬಾರದು, ಅವಳ ಮನೆಯವರಿಗೆ ಕೊಟ್ಟ ಗೇಣಿ ಮುರಿಯಬಾರದು, ಬರುವ ಗೇಣಿ ಅಹ್ಮದ್‌ನಿಗೆ ಸೇರಬೇಕು. ಅಣ್ಣಂದಿರು ತಲೆಯಾಡಿಸಿದ್ದರು. ಹಿರಿಯವನಾದ ಹಮೂದ್ ಮಾತ್ರ, "ಅವಳು ಇಲ್ಲಿರುವವರೆಗೆ," ಎಂದು ಒತ್ತಿ ಹೇಳಿದ್ದ.

ಈಗ ತೋಟದ ಆಚೆ ಈಚೆ ಎಲ್ಲ ಈಜುಕೊಳದ ಬಾಡಿಗೆ ಬಂಗಲೆಗಳೆದ್ದಿವೆ. ವಾರಾಂತ್ಯಕ್ಕೆ ಮಸ್ಕತ್‌ನವರು ಬಂದು ಮಾಂಸ ಸುಟ್ಟು, ಮಕ್ಕಳನ್ನು ನೀರಿಗಿಳಿಸಿ ಹೋಗುತ್ತಾರೆ. ಹಮೂದ್‌ಗೂ ಅದೇ ಕನಸು. ಆ ಕನಸಿಗೂ ನೆಲಕ್ಕೂ ನಡುವೆ ಇದ್ದದ್ದು ಒಬ್ಬ ಮುದುಕಿ.

ಲೋಲಾಕ್ಷಿಯಮ್ಮನಿಗೆ ಇನ್ನೊಂದು ಮಗುವಿತ್ತು. ಹರ್ಷಿತ್‌ಗಿಂತ ದೊಡ್ಡವಳು, ಭವ್ಯಶ್ರೀ. ಒಮಾನ್‌ಗೆ ಬರುವಾಗ ಅವಳನ್ನು ಊರಿನಲ್ಲಿ, ಬೆಳ್ಮಣ್ಣಿನಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದರು. ಅವಳು ಬೆಳೆದದ್ದು, ದೊಡ್ಡವಳಾದದ್ದು ಎಲ್ಲ ಇವರು ಕೇಳಿ ತಿಳಿದದ್ದೇ ಹೆಚ್ಚು. ರಜೆಗೆ ಹೋದಾಗಲೆಲ್ಲ ಭವ್ಯ ನಗುತ್ತಲೇ ಚುಚ್ಚುತ್ತಿದ್ದಳು: "ನಿನಗೆಂತ ಅಮ್ಮ, ಅರಬನ ಮಗ ಸಿಕ್ಕಿದ. ನನಗೆ ಅಜ್ಜಿಯ ಒಣಗಿದ ಎದೆ."

ಆ ಭವ್ಯಶ್ರೀಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದು ಬೇಸಗೆಯಲ್ಲಿ. ಫೋನಿನಲ್ಲಿ ಕಾಣುವ ಮುಖ ವಾರದಿಂದ ವಾರಕ್ಕೆ ಸಣ್ಣದಾಯಿತು. ಒಂದು ದಿನ ಅವಳು ಚುಚ್ಚಲಿಲ್ಲ, ನಗಲಿಲ್ಲ.

"ಅಮ್ಮ, ಒಮ್ಮೆ ಬಂದು ಹೋಗು. ಎಂತದೂ ಬೇಡ. ಹತ್ತಿರ ಕೂತ್ಕೊ, ಸಾಕು."

ಅವತ್ತೇ ಲೋಲಾಕ್ಷಿಯಮ್ಮ ಪೆಟ್ಟಿಗೆ ಕೆಳಗಿಳಿಸಿದರು. ಹರ್ಷಿತ್ ಅದನ್ನು ಮತ್ತೆ ಕಪಾಟಿನ ಮೇಲಿಟ್ಟ.

"ಡಾಕ್ಟ್ರತ್ರ ಕೇಳಿದೆ ಅಮ್ಮ. ನಿಮ್ಮ ಹಾರ್ಟಿಗೆ ವಿಮಾನ ಆಗುವುದಿಲ್ಲವಂತೆ. ಮೇಲೆ ಹೋದಾಗ ಪ್ರೆಶರ್ ಹೆಚ್ಚಾಗ್ತದೆ. ಅಕ್ಕ ಹುಷಾರಾಗಿ ಅವಳೇ ಬರಲಿ."

"ಮೂರು ಗಂಟೆಯ ದಾರಿ ಮಾರಾಯ!"

"ಮೂರು ನಿಮಿಷ ಸಾಕು ಅಮ್ಮ, ಎಂತಾದ್ರೂ ಆಗ್ಲಿಕ್ಕೆ."

ಮಗನ ಕಣ್ಣಲ್ಲಿ ನೀರಿತ್ತು. ಆ ನೀರನ್ನು ನಂಬಿ ತಾಯಿ ಸುಮ್ಮನಾದರು. ಆಮೇಲೆ ಭವ್ಯಳ ಫೋನು ಬರುವುದು ನಿಂತಿತು. ಐಸಿಯುನಲ್ಲಿ ಇಟ್ಟಿದ್ದಾರೆ, ಅಲ್ಲಿ ಫೋನು ಬಿಡುವುದಿಲ್ಲ ಎಂದಳು ಪ್ರಫುಲ್ಲಾ. ಅಳಿಯನಿಗೆ ಮಾಡಿದರೆ ಅವನೂ ಎತ್ತುತ್ತಿರಲಿಲ್ಲ. ಪಾಪ, ಓಡಾಟದಲ್ಲಿದ್ದಾನೆ ಎಂದ ಹರ್ಷಿತ್. ಲೋಲಾಕ್ಷಿಯಮ್ಮ ದಿನವೂ ಮುಸ್ಸಂಜೆಗೆ ಕಾಲು ತೊಳೆದು ದೇವರಿಗೆ ದೀಪ ಹಚ್ಚಿ, ಮಗಳ ಹೆಸರು ಹೇಳಿ ಕೈಮುಗಿದರು. ಮೊಮ್ಮಕ್ಕಳಿಬ್ಬರೂ ಪಕ್ಕದಲ್ಲಿ ಕುಳಿತು ಭಜನೆ ಹೇಳಿದರು. ಒಂದು ಭಾನುವಾರ ಪ್ರಫುಲ್ಲಾ ಕೋರಿರೊಟ್ಟಿಯನ್ನೂ ಮಾಡಿದಳು. ಉಪ್ಪು ಕಡಿಮೆ ಹಾಕಿ.

ಮಂಗಳವಾರ ಬಿಪಿ ಮಾತ್ರೆ ಬರೆಸಿಕೊಳ್ಳಲು ಕ್ಲಿನಿಕ್ಕಿಗೆ ಹೋದರು. ಪ್ರಫುಲ್ಲಾ ಔಷಧಿಯ ಸಾಲಿನಲ್ಲಿ ನಿಂತಿದ್ದಳು. ಒಳಗೆ ಹೊಸ ನರ್ಸು, ಶಿರ್ವದ ಕಡೆಯ ಡಾಲಿ. ಊರು ಕೇಳಿದಳು, ಮನೆ ಕೇಳಿದಳು, ತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ಇಳಿಯುತ್ತಿದ್ದಂತೆ ಅವಳ ಮುಖವೂ ಮೆತ್ತಗಾಯಿತು.

"ಬೆಳ್ಮಣ್ಣಿನ ಭವ್ಯಕ್ಕನ ಅಮ್ಮನಾ ನೀವು? ನಮ್ಮ ಅಕ್ಕನ ಮನೆ ಅವರ ಮನೆಯ ಎದುರೇ. ನೀವು ಗಟ್ಟಿ ಅಮ್ಮ. ಮಗಳನ್ನು ಕಳಕೊಂಡು ಇಷ್ಟು ಒಳ್ಳೆ ಬಿಪಿ ಯಾರಿಗೂ ಇರುವುದಿಲ್ಲ. ಬೊಜ್ಜದ ಊಟಕ್ಕೆ ತುಂಬಾ ಜನ ಬಂದಿದ್ರಂತೆ. ಅಷ್ಟು ಒಳ್ಳೆಯವರು ಅವರು."

ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಲೋಲಾಕ್ಷಿಯಮ್ಮನಿಗೆ ಆ ಒಂದು ಶಬ್ದ ಮಾತ್ರ ಕೇಳಿಸಿತು. ತೋಳಿನ ಪಟ್ಟಿಯನ್ನು ತಾವೇ ಬಿಚ್ಚಿ ಮೇಜಿನ ಮೇಲಿಟ್ಟರು.

"ಒಂದು ಮಾತು ಹೇಳು ಡಾಲಿ. ನಾನು ವಿಮಾನದಲ್ಲಿ ಹೋಗಬಾರದು ಅಂತ ಡಾಕ್ಟ್ರು ಹೇಳಿದ್ದು ಹೌದಾ?"

ಡಾಲಿ ಕಂಪ್ಯೂಟರಿನಲ್ಲಿ ನೋಡಿದಳು, ಡಾಕ್ಟರ ಬಾಗಿಲಿಗೆ ಹೋಗಿ ಕೇಳಿ ಬಂದಳು. "ಯಾರು ಹೇಳಿದ್ದು ಅಮ್ಮ? ನಿಮ್ಮ ಮಗನಿಗೆ ಆವಾಗಲೇ ಹೇಳಿದ್ರಂತಲ್ಲ, ವೀಲ್‌ಚೇರ್ ಹಾಕಿಸಿಕೊಂಡು ಕರ್ಕೊಂಡು ಹೋಗಿ ಅಂತ..." ಅಷ್ಟರಲ್ಲಿ ಅವಳಿಗೂ ಏನೋ ಹೊಳೆದು ಮಾತು ಅಲ್ಲಿಗೇ ನಿಂತಿತು.

ಮನೆ ಮುಟ್ಟಿದ ಕೂಡಲೇ ಲೋಲಾಕ್ಷಿಯಮ್ಮ ನೇರ ಒಳಗೆ ನಡೆದರು. ಹರ್ಷಿತ್ ಅಡುಗೆಮನೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದ.

"ಭವ್ಯ ಹೋಗಿ ಎಷ್ಟು ದಿನ ಆಯ್ತು ಮಗಾ?"

ಲೋಟ ಕೆಳಗಿಡಲು ಅವನಿಗೆ ಜಾಗ ಕಾಣಲಿಲ್ಲ. "ಅಮ್ಮ, ನೀವು ಮೊದಲು ಕೂತ್ಕೊಳ್ಳಿ."

"ನಿಂತೇ ಕೇಳ್ತೇನೆ. ನೀನಾದ್ರೂ ಹೋಗಿದ್ಯಾ?"

ಹೋಗಿರಲಿಲ್ಲ. ತಾಯಿಗೆ ಸಂಶಯ ಬರುತ್ತದೆಂದು ಹೋಗಿರಲಿಲ್ಲ. ಅಕ್ಕನ ಚಿತೆಗೆ ಬೆಂಕಿಯಿಟ್ಟದ್ದನ್ನು ಲಿಂಬೆ ಗಿಡಗಳ ಹಿಂದೆ ಪಿಕಪ್ ನಿಲ್ಲಿಸಿ ಫೋನಿನಲ್ಲಿ ನೋಡಿದ್ದ. ಮುಖ ತೊಳೆದುಕೊಂಡು ಬಂದು ತಾಯಿಯ ಜೊತೆ ಊಟಕ್ಕೆ ಕುಳಿತಿದ್ದ. ಅದನ್ನೆಲ್ಲ ಅಳುತ್ತ ಹೇಳಿದ. ನೀವು ಗೇಟು ದಾಟಿದ ದಿನವೇ ಹಮೂದ್ ಸರ್ವೆಯವರನ್ನು ಕರೆಸುತ್ತಾನೆ, ಮಾತು ಮುಗಿಯಿತು ಅನ್ನುತ್ತಾನೆ, ನಾವು ಬೀದಿಗೆ ಬೀಳುತ್ತೇವೆ ಎಂದ.

"ಸೂತಕದಲ್ಲಿ ನನ್ನ ಕೈಯಲ್ಲಿ ದೀಪ ಹಚ್ಚಿಸಿದ್ರಲ್ಲ," ಎಂದರು ಲೋಲಾಕ್ಷಿಯಮ್ಮ. "ಸತ್ತವಳು ಗುಣ ಆಗಲಿ ಅಂತ ಬೇಡಿಕೊಂಡೆನಲ್ಲ ಮಾರಾಯಾ. ನೀವು ಪಕ್ಕದಲ್ಲೇ ಕೂತು ಕೇಳಿದ್ರಿ."

ಪ್ರಫುಲ್ಲಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಅಳಲಿಲ್ಲ. "ನೀವು ಹೋಗಿದ್ರೆ ಅತ್ತಿಗೆ ಉಳೀತಿದ್ರಾ ಅತ್ತೆ? ಇಲ್ಲ. ಹೇಳಿದ್ರೆ ನಿಮಗೂ ಎಂತಾದ್ರೂ ಆಗ್ತಿತ್ತು. ಹೋಗುವವರು ಹೋದ್ರು. ಇಲ್ಲಿ ಎರಡು ಮಕ್ಕಳಿಗೆ ಶಾಲೆ ಉಂಟು."

ಸೊಸೆ ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ.

ಅವರಿಗೆ ಉಳಿದದ್ದು ಅಹ್ಮದ್. ಸೊಹಾರ್ ಬಂದರಿನಲ್ಲಿ ಕೆಲಸದಲ್ಲಿದ್ದ ಅವನು ಪ್ರತಿ ಶುಕ್ರವಾರ ನಮಾಜು ಮುಗಿಸಿ ಮೀನು ಹಿಡಿದುಕೊಂಡು ಬರುತ್ತಿದ್ದ. ಅವನಿಗೆ ಇದು ಗೊತ್ತಾದರೆ ಹರ್ಷಿತ್‌ನ ಕೊರಳಪಟ್ಟಿ ಹಿಡಿಯುತ್ತಾನೆ, ತಾನೇ ನನ್ನನ್ನು ವಿಮಾನ ಹತ್ತಿಸುತ್ತಾನೆ ಎಂದುಕೊಂಡರು. ಮಗಳ ಮುಖವಂತೂ ತಪ್ಪಿತು. ಅವಳ ಮಕ್ಕಳಿದ್ದಾರೆ, ಬೂದಿ ಬಿಟ್ಟ ನೀರಿದೆ, ಅವಳು ಮಲಗಿದ್ದ ಕೋಣೆಯಿದೆ. ಅಲ್ಲಿ ಹೋಗಿ ಕೂರಬೇಕು. ಕೂತ್ಕೊ ಎಂದಿದ್ದಳು. ಶುಕ್ರವಾರದವರೆಗೆ ಅವರು ಮಾತ್ರೆಯನ್ನೂ ತೆಗೆದುಕೊಂಡರು, ಗಂಜಿಯನ್ನೂ ಕುಡಿದರು. ಹೋಗುವವರಿಗೆ ಶಕ್ತಿ ಬೇಕಲ್ಲ.

ಅಹ್ಮದ್ ಬಂದ. ಮೀನಿನ ಚೀಲ ಕೆಳಗಿಟ್ಟು, ಉಮ್ಮಿಯ ಮುಖ ನೋಡಿದ. ನೋಡಿದವನು ಹರ್ಷಿತ್ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ:

"ಬಿಪಿ ಕಿತ್ನಾ ಹೈ?"

ಲೋಲಾಕ್ಷಿಯಮ್ಮನಿಗೆ ಹೆಚ್ಚು ಹಿಂದಿ ಬಾರದು. ಬಿಪಿ ಎಷ್ಟು ಎಂದು ಕೇಳಿದ್ದು ಅರ್ಥವಾಯಿತು; ಏನಾಯಿತು ಎಂದು ಅವನು ಕೇಳಲಿಲ್ಲ.

"ನಿನಗೂ ಗೊತ್ತಿತ್ತಾ ಅಹ್ಮದ್?" ಅವನನ್ನು ಎತ್ತಿ ಆಡಿಸುವ ಕಾಲದಲ್ಲಿ ಅವನ ತಾಯಿಯಿಂದಲೇ ಕಲಿತ ಅರಬ್ಬಿಯಲ್ಲಿ ಕೇಳಿದರು.

ಅವನು ಮಂಡಿಯೂರಿ ಅವರ ಎರಡೂ ಕೈಗಳನ್ನು ಹಿಡಿದುಕೊಂಡ. ತಲೆಗೆ ಮುತ್ತಿಟ್ಟ. "ಸಹಿಸಿಕೋ ಉಮ್ಮಿ. ಎಲ್ಲ ದೇವರ ಇಚ್ಛೆ. ನಾನೇ ಹರ್ಷಿತ್‌ಗೆ ಹೇಳಿದ್ದು, ಅಮ್ಮನಿಗೆ ತಿಳಿಸಬೇಡ ಅಂತ. ನಿನ್ನ ಜೀವ ನಮಗೆ ಮುಖ್ಯ."

"ಈಗ ತಿಳಿಯಿತಲ್ಲ. ನನ್ನನ್ನು ಊರಿಗೆ ಕಳಿಸು."

ಅಹ್ಮದ್ ಕೈ ಬಿಡಲಿಲ್ಲ. "ಕಳಿಸುತ್ತೇನೆ ಉಮ್ಮಿ. ಈಗಲ್ಲ. ಹಮೂದ್ ಜೊತೆ ಮಾತಾಡಿ ಒಂದು ದಾರಿ ಮಾಡುತ್ತೇನೆ. ನೀನು ಹೋದರೆ ನನಗೂ ಈ ತೋಟವಿಲ್ಲ. ಅಣ್ಣಂದಿರು ಹರಿದು ಹಂಚಿಕೊಳ್ಳುತ್ತಾರೆ." ಅವನ ದನಿ ಬೆಣ್ಣೆಯಷ್ಟು ಮೃದುವಾಗಿತ್ತು. ಹಿಡಿತ ಗಟ್ಟಿಯಾಗಿತ್ತು.

ಹರ್ಷಿತ್ ಪಕ್ಕಕ್ಕೆ ಬಂದು ನಿಂತ. ಗಂಡುಮಕ್ಕಳಿಬ್ಬರೂ ತಾಯಿಯನ್ನು ಅಷ್ಟು ಅಕ್ಕರೆಯಿಂದ ನೋಡುತ್ತಿದ್ದರು. ಹಾಲು ಕೊಡುವ ಒಂದೇ ಹಸುವಿನ ಕಾಲು ಮುರಿದರೆ ನೋಡುವ ಹಾಗೆ.

ಲೋಲಾಕ್ಷಿಯಮ್ಮ ಕೈ ಬಿಡಿಸಿಕೊಂಡು ಎದ್ದರು. ಚಪ್ಪಲಿ ಮೆಟ್ಟಿ, ಪಾಸ್‌ಪೋರ್ಟಿದ್ದ ಕೈಚೀಲ ತೆಗೆದುಕೊಂಡು ಹೊರಗೆ ನಡೆದರು. ಹಮೂದ್‌ನ ಮನೆ ಖರ್ಜೂರದ ಸಾಲಿನ ಆ ತುದಿಗೆ. ಅಷ್ಟು ದೂರ ಅವರನ್ನು ನಡೆಯಲು ಬಿಟ್ಟು ವರ್ಷಗಳಾಗಿದ್ದವು. ಅಹ್ಮದ್ ಗೇಟಿನಲ್ಲೇ ನಿಂತ; ಅಣ್ಣನ ಮನೆಗೆ ಹೋಗುವ ಹಾಲುತಾಯಿಯನ್ನು ತಡೆದರೆ ನಾಳೆ ಎಲ್ಲರೂ ಆಡಿಕೊಳ್ಳುತ್ತಾರೆ. ಹರ್ಷಿತ್ ಪಿಕಪ್ ತಂದು ಅವರ ಪಕ್ಕದಲ್ಲೇ ಮೆಲ್ಲಗೆ ಓಡಿಸಿದ, ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಅಮ್ಮ, ಬಿಸಿಲು. ಎಸಿ ಉಂಟು, ಹತ್ತಿ. ಎಲ್ಲಿಗೆ ಬೇಕಾದ್ರೂ ಬಿಡ್ತೇನೆ. ಬೀಳ್ತೀರಿ ಅಮ್ಮ!"

"ಬಿದ್ದು ಸತ್ರೆ ನಿನಗೆ ಗೇಣಿ ಹೋಗ್ತದೆ ಅಲ್ವಾ?"

"ಹಾಗೆಲ್ಲ ಮಾತಾಡ್ಬೇಡಿ."

"ನೀನೇ ಕಲಿಸಿದ್ದು."

ಹಮೂದ್ ಬಾಗಿಲಿಗೆ ಬಂದು ಎದುರುಗೊಂಡ. ಒಳಗೆ ಕೂರಿಸಿ, ತನ್ನ ಹೆಂಡತಿಯನ್ನೂ ಕರೆದ. ಮಗಳು ತೀರಿಕೊಂಡ ಸುದ್ದಿ ಅವನಿಗೂ ಮುಟ್ಟಿತ್ತು. ಅವನ ಹೆಂಡತಿ ಲೋಲಾಕ್ಷಿಯಮ್ಮನ ಹೆಗಲು ಹಿಡಿದು ಅತ್ತಳು. ಮಗಳ ಸಾವಿಗೆ ಯಾರಾದರೂ ಅವರೆದುರು ಅತ್ತದ್ದು ಅದೇ ಮೊದಲು. ಹರ್ಷಿತ್ ಅತ್ತದ್ದು ತೋಟಕ್ಕೆ.

"ನಾನು ಊರಿಗೆ ಹೋಗುತ್ತೇನೆ," ಎಂದರು ಲೋಲಾಕ್ಷಿಯಮ್ಮ. "ಇನ್ನು ಬರುವುದಿಲ್ಲ. ನೀವು ನಿಮ್ಮ ತಂದೆಗೆ ಕೊಟ್ಟ ಮಾತು ಇವತ್ತಿಗೆ ಮುಗಿಯಿತು. ಖಲಾಸ್."

ಹಮೂದ್ ಸಂತೋಷ ಮುಖದ ಮೇಲೆ ಬಾರದಂತೆ ಗಡ್ಡ ಸವರಿಕೊಂಡ. ಇವತ್ತಿನ ವಿಮಾನಕ್ಕೇ ಟಿಕೆಟ್ ಮಾಡಿಸುತ್ತೇನೆ, ನನ್ನ ಕಾರು ಬಿಡುತ್ತದೆ ಎಂದ. ಕಾಫಿ ಬಂತು. ಅದು ಆರುವ ಮುಂಚೆ ಅವನು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಬಂಗಲೆ, ಅಳತೆ, ಭಾನುವಾರ ಎಂಬ ಮಾತುಗಳು ಕೇಳಿಸಿದವು.

ಒಳಗೆ ಬಂದವನು ಸ್ವಲ್ಪ ಹಿಂಜರಿದು ಹೇಳಿದ: "ಅಮ್ಮ, ನಾನು ಕಟುಕನಲ್ಲ. ನಿನ್ನ ಮೊಮ್ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಅವರು ಆ ಮನೆಯಲ್ಲಿರಬಹುದು. ನೀನು ಒಂದು ಮಾತು ಹೇಳಿದರೆ ಸಾಕು."

ಮೊಮ್ಮಕ್ಕಳ ಮುಖ ಕಣ್ಣೆದುರು ಬಂತು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು. ಭಜನೆಯ ಸಾಲು ಮಾತ್ರ ತುಳುವಿನಲ್ಲಿ, ತಪ್ಪಿಲ್ಲದೆ. ಹೂಂ ಅನ್ನಲು ಬಾಯಿ ತೆರೆದರು. ಕಿಟಕಿಯಾಚೆ ಪಿಕಪ್ಪಿನ ಪಕ್ಕದಲ್ಲಿ ಹರ್ಷಿತ್ ನಿಂತಿದ್ದ. ಅವನು ಈ ಬಾಗಿಲ ಕಡೆ ನೋಡುತ್ತಿರಲಿಲ್ಲ. ತೋಟದ ಕಡೆ ನೋಡುತ್ತಿದ್ದ.

"ನನ್ನ ಮಾತು ಬೇಡ," ಎಂದರು ಲೋಲಾಕ್ಷಿಯಮ್ಮ. "ಬೇಕಾದರೆ ನನ್ನ ಮಗ ಬಂದು ಕೇಳಲಿ. ಕೇಳಿದರೆ ಕೊಡಿ."

"ಕೇಳದಿದ್ದರೆ?"

"ತೋಟ ನಿಮ್ಮದು."

ಕಾರು ಬಂತು. ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಹರ್ಷಿತ್ ಓಡಿ ಬಂದು ಕಾರಿನ ಬಾಗಿಲು ಹಿಡಿದುಕೊಂಡ. "ಎಂತ ಹೇಳಿದ ಅವನು? ಎಷ್ಟು ದಿನ ಕೊಟ್ಟ? ಒಂದು ತಿಂಗಳಾದ್ರೂ ಕೊಟ್ನಾ ಅಮ್ಮ?"

ಒಳಗೆ ಹೋಗಿ ಕೇಳು ಎಂದು ಒಂದೇ ಒಂದು ಮಾತು ಹೇಳಬಹುದಿತ್ತು. ಲೋಲಾಕ್ಷಿಯಮ್ಮ ಸೆರಗನ್ನು ಒಳಗೆಳೆದುಕೊಂಡು, ಮಗನ ಬೆರಳುಗಳನ್ನು ಬಾಗಿಲಿನಿಂದ ಮೆಲ್ಲಗೆ, ನೋವಾಗದ ಹಾಗೆ ಬಿಡಿಸಿದರು.

"ಯಲ್ಲಾ, ಹೊರಡು," ಎಂದರು ಡ್ರೈವರನಿಗೆ.