ಅಣ್ಣ ಏನೂ ಕೇಳಲಿಲ್ಲ

ಮಾಯಾಳಿಗೆ ತನ್ನದೆಂಬ ಫೋನ್ ಇರಲಿಲ್ಲ. ಅಣ್ಣ ಅಂಬಾದಾಸ ಹೊಸದು ಕೊಂಡಾಗ ಹಳೆಯದನ್ನು ಅವ್ವನಿಗೆ ಕೊಟ್ಟಿದ್ದ. ಕೆಲಸದಿಂದ ಬಂದ ಮೇಲೆ, ಅವ್ವ ರೊಟ್ಟಿ ಬಡಿದು ಮುಗಿಸುವವರೆಗೆ, ಅದು ಮಾಯಾಳ ಕೈಯಲ್ಲಿರುತ್ತಿತ್ತು. ಮಲಗುವ ಮುಂಚೆ ಅವಳು ಗೆಳತಿ ಕೇತಕಿಗೆ ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಅಳಿಸಿಬಿಡುತ್ತಿದ್ದಳು. ಶುಕ್ರವಾರ ಮರೆತಳು.

ಶನಿವಾರ ಸಂಜೆ ಹೊರಗೆ ಕಲ್ಲಿನ ಮೇಲೆ ಪಾತ್ರೆ ತಿಕ್ಕುತ್ತಿದ್ದವಳಿಗೆ ಒಳಗಿನಿಂದ ತನ್ನದೇ ದನಿ ಕೇಳಿಸಿತು.

"ಜಟ್ಟೆಪ್ಪನ ನೆನಸಿದ್ರ ನನಗ ನಿದ್ದೀನೇ ಬರವಲ್ದು ಕೇತಕಿ. ಆ ಕಾಲುವಿ ದಂಡಿಗಿ ತುಟಿಗಿ ತುಟಿ ಹಚ್ಚಿದ್ನಲ್ಲ, ಅವತ್ತೇ ತಿಳೀತು ನನಗ. ಹೊಟ್ಟ್ಯಾಗಿನ ಕೂಸು ಅವಂದೇ. ಅಣ್ಣಗ ಗೊತ್ತಾದ್ರ ಜೀವಂತ ಬಿಡಂಗಿಲ್ಲ."

ಅದರ ಬೆನ್ನಿಗೇ ಕೇತಕಿಯ ನಗು ಕೇಳಿಸಿತು. ಮಾಯಾ ಬೂದಿಗೈಯಲ್ಲೇ ಎದ್ದು ಒಳಗೆ ಓಡಿದಳು.

ಖರಾಡಿಯ ಒಂದು ಕಂಪನಿಯಲ್ಲಿ ಕೇತಕಿ ಮುಂದಿನ ಟೇಬಲ್ಲಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದಳು. ಮಾಯಾ ಅದೇ ಮಹಡಿಯ ನೆಲ ಒರೆಸುತ್ತಿದ್ದಳು. ಕೇತಕಿಯ ಅಪ್ಪನಿಗೆ ಬಿಬವೇವಾಡಿಯಲ್ಲಿ ಪಾತ್ರೆ ಅಂಗಡಿ, ಮೂಲ ವಿಜಯಪುರದ ಕಡೆ. ಮಾಯಾಳ ಮನೆಯವರು ಶಹಾಪುರದ ಕಡೆಯಿಂದ ಇಟ್ಟಿಗೆ ಹೊರಲು ಈ ಮರಾಠಿ ಊರಿಗೆ ಬಂದವರು. ಕನ್ನಡ ಮಾತು ಇಬ್ಬರನ್ನು ಹತ್ತಿರ ತಂದಿತ್ತು, ಥೈಲ್ಯಾಂಡಿನ ಒಂದು ಸೀರಿಯಲ್ಲು ಅಂಟಿಸಿಬಿಟ್ಟಿತ್ತು. ಅದರಲ್ಲಿ ಶ್ರೀಮಂತರ ಮನೆಯ ಬಸುರಿ ಹುಡುಗಿಯೊಬ್ಬಳು ಕಾಲುವೆಯಲ್ಲಿ ಹೆಣವಾಗಿ ತೇಲಿದ್ದಳು. ಅವತ್ತೇ ಕಾಣೆಯಾದ ಅವಳ ಪ್ರಿಯಕರ ನೀರಿದ್ದಲ್ಲೆಲ್ಲ ಕಾಣಿಸಿಕೊಳ್ಳುತ್ತಿದ್ದ. ಬಕೆಟ್ಟಿನಲ್ಲಿ, ಹೂದಾನಿಯಲ್ಲಿ, ಊಟದ ಬಟ್ಟಲಿನಲ್ಲಿ. ಅವನು ಬದುಕಿದ್ದಾನೋ ದೆವ್ವವೋ, ಅವಳನ್ನು ತಳ್ಳಿದವರು ಯಾರು ಎಂಬುದೇ ವಾರವಾರದ ವಾದ. ಮಾಯಾ ಮರಾಠಿ ಶಾಲೆಯಲ್ಲಿ ಒಂದಷ್ಟು ಕಲಿತು ಬಿಟ್ಟವಳು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅವಳಿಗೆ ಹತ್ತುತ್ತಿರಲಿಲ್ಲ, ಮುಖಗಳನ್ನೇ ನೋಡುತ್ತಿದ್ದಳು. ಅವಳು ಹೇಳಿದ್ದನ್ನು ಕೇತಕಿ ಇಂಗ್ಲಿಷಿನಲ್ಲಿ ಬರೆದು ಆ ಸೀರಿಯಲ್ಲು ನೋಡುವವರ ಗುಂಪಿಗೆ ಫೋನಿನಲ್ಲಿ ಹಾಕಿದರೆ ಎಲ್ಲೆಲ್ಲಿಂದಲೋ ಜನ ಉತ್ತರ ಬರೆಯುತ್ತಿದ್ದರು. ತನ್ನ ಮಾತಿಗೆ ಯಾರಾದರೂ ಉತ್ತರ ಕೊಡುವುದು ಮಾಯಾಳಿಗೆ ಹೊಸದಾಗಿತ್ತು.

ಅಲ್ಲಿನ ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಸೇರಿ ಎಲ್ಲರಿಗೂ ತಮ್ಮ ಕಡೆಯ ಹೆಸರಿಟ್ಟಿದ್ದರು. ಸೊಟ್ಟ ಮೋರೆಯ ಅಜ್ಜಿ ಶಿವಬಸವ್ವ ಆಗಿದ್ದಳು. ನೀರಿನ ಜೊತೆ ಬರುವ ಆ ಹಾಲುಗೆನ್ನೆಯ ಹುಡುಗನಿಗೆ ಮಾಯಾ ತಮ್ಮ ಗಲ್ಲಿಗೆ ನೀರು ತರುವ ಟ್ಯಾಂಕರಿನವನ ಹೆಸರಿಟ್ಟಿದ್ದಳು. ನಿಜವಾದ ಜಟ್ಟೆಪ್ಪನಿಗೆ ನಲವತ್ತು ದಾಟಿತ್ತು. ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಕೇತಕಿಗೆ ಅವನ ಫೋಟೋ ತೋರಿಸಿದ ದಿನ ಇಬ್ಬರೂ ಊಟದ ಡಬ್ಬಿ ಮುಂದಿಟ್ಟುಕೊಂಡು ನಕ್ಕು ನಕ್ಕು ಕೆಮ್ಮಿದ್ದರು.

ಆ ಶನಿವಾರ ಅಂಬಾದಾಸನ ಫೋನಿನ ಚಾರ್ಜು ಮುಗಿದಿತ್ತು. ಮೇಸ್ತ್ರಿಗೆ ಫೋನ್ ಮಾಡಲೆಂದು ಅವ್ವನದನ್ನು ಎತ್ತಿಕೊಂಡಾಗ ತಂಗಿಯ ಮೆಸೇಜು ಕೈಗೆ ಸಿಕ್ಕಿತ್ತು. ಮಾಯಾ ಒಳಗೆ ಬರುತ್ತಲೇ ಅವನು ಅವಳ ಕಿವಿಯ ಮೇಲೆ ಹೊಡೆದ. ಸೆಂಟ್ರಿಂಗ್ ಹಲಗೆ ಎತ್ತೆತ್ತಿ ಜಡ್ಡುಗಟ್ಟಿದ ಕೈ. ಅವಳು ಕಟ್ಟೆಯ ಅಂಚಿಗೆ ಬಾಯಿ ಬಡಿದು ಬಿದ್ದಳು. ಕೂದಲು ಹಿಡಿದು ಎತ್ತಿ ಹೊಟ್ಟೆಗೆ ಒದ್ದ, ಮತ್ತೂ ಒದ್ದ. ಅವ್ವ ಅಡ್ಡ ಬಂದಳು. ಅವಳನ್ನೂ ದೂಡಿದ.

ಅದು ಸೀರಿಯಲ್ಲಿನ ಮಾತು, ಫೋನಿನಲ್ಲೇ ಇದೆ, ತೋರಿಸುತ್ತೇನೆ ಎಂದು ಮಾಯಾ ರಕ್ತದ ಬಾಯಲ್ಲೇ ಹೇಳಿದಳು.

"ಸೀರಿಯಲ್‌ನಾಗ ಜಟ್ಟೆಪ್ಪ ಇರಂಗಿಲ್ಲ," ಎಂದ ಅಂಬಾದಾಸ. ಫೋನನ್ನು ಗೋಡೆಗೆ ಅಪ್ಪಳಿಸಿ, ಚೂರಾದದ್ದನ್ನು ಮತ್ತೆ ಹಿಮ್ಮಡಿಯಿಂದ ತುಳಿದ. ಬಾಗಿಲ ಹಿಂದಿನ ಕಬ್ಬಿಣದ ಸಳಿ ತಗೊಂಡು ಹೊರಟ.

ಟ್ಯಾಂಕರ್ ಬರುವ ಹೊತ್ತು ಅದು. ಗಲ್ಲಿಯ ಬಾಯಲ್ಲಿ ಕೊಡಗಳ ಸಾಲು ನಿಂತಿತ್ತು. ಜಟ್ಟೆಪ್ಪ ಟ್ಯಾಂಕಿನ ಬೆನ್ನೇರಿ ಪೈಪು ಇಳಿಬಿಡುತ್ತಿದ್ದ. ಮಾಯಾ ಗೋಡೆ ಹಿಡಿದುಕೊಂಡು ಅಲ್ಲಿಗೆ ಬರುವಷ್ಟರಲ್ಲಿ ಮೊದಲ ಏಟು ಅವನ ಮೊಣಕಾಲಿಗೆ ಬಿದ್ದಿತ್ತು. ಅವನು ಚೀಲದಂತೆ ಕೆಳಗೆ ಬಿದ್ದ. ಎರಡನೆಯದು ಬಾಯಿಗೆ ಬಿತ್ತು. ಜಟ್ಟೆಪ್ಪ ಎರಡೂ ಕೈ ಜೋಡಿಸಿ ಮೇಲೆತ್ತಿದ.

"ನಾಳಿಂದ ನಿಮ್ಮ ಸಾಲಿಗೇ ಮೊದಲು ಬಿಡತೀನೋ ಯಪ್ಪಾ," ಎಂದ. "ಖರೇನ ಹೇಳತೀನಿ. ನಿಮಗೇ ಮೊದಲು."

ಯಾಕೆ ಹೊಡೆಯುತ್ತಿದ್ದೇನೆಂದು ಅಂಬಾದಾಸ ಹೇಳಲಿಲ್ಲ. ಸಳಿಯ ಬಾಗಿದ ತುದಿ ಜಟ್ಟೆಪ್ಪನ ಎಡಗಣ್ಣಿಗೆ ಹೊಕ್ಕಿತು. ಮಾಯಾ ಅಣ್ಣನ ಕಾಲನ್ನು ಅವಚಿ ಹಿಡಿದಳು. ಅವನು ಝಾಡಿಸಿದ. ಬಿಟ್ಟ ಪೈಪಿನಿಂದ ನೀರು ಧೋ ಎಂದು ಗಲ್ಲಿಯಗಲಕ್ಕೂ ಹರಿಯಿತು. ಗಂಡಸರು ಅಂಬಾದಾಸನನ್ನು ಕೆಡವಿ ಹಿಡಿಯುವಾಗ ಇಬ್ಬರು ಹೆಂಗಸರು ಪೈಪಿನ ಬಾಯಿಗೆ ಕೊಡ ಒಡ್ಡಿ ತುಂಬಿಕೊಂಡರು. ನಿಲ್ಲಿಸಿ ಎಂದು ಯಾರೋ ಬೈದರು. ಹೆಂಗಸರು ಕೊಡ ತುಂಬಿದ ಮೇಲೆಯೇ ಸರಿದರು.

ಪೊಲೀಸರು ಬರುವ ಮುಂಚೆ ಅವ್ವ ಮಗಳ ಮುಖವನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಹೇಳಿದಳು, "ಫೋನಿನ ಮಾತು ಎತ್ತಬ್ಯಾಡ. ಸೀರಿಯಲ್ ಅಂದ್ರ ಯಾರ ನಂಬತಾರ? ನೀ ಅವನ ಕೂಡ ಮಲಗಿದ್ದಿ ಅಂತನೇ ಅಂತಾರ. ನೀರಿಂದು ಜಗಳ ಅನ್ನು."

"ಅವಂದೇನೂ ತಪ್ಪಿಲ್ಲಬೇ."

"ನಿಂದೂ ಇಲ್ಲಲ್ಲ. ಇಬ್ಬರಾಗ ಒಬ್ಬರ ಹೆಸರು ಹೋಗೇ ಹೋಗತದ. ಅವ ಗಂಡಸು, ತಡಕೋತಾನ."

ಹವಾಲ್ದಾರ ಮರಾಠಿಯಲ್ಲಿ ಕೇಳಿದ. ಅವನ ಹಿಂದೆ ಗಲ್ಲಿಯೇ ನಿಂತಿತ್ತು. ಜಟ್ಟೆಪ್ಪನ ಹೆಂಡತಿ ಒದ್ದೆ ನೆಲದಲ್ಲಿ ಕೂತು ಮಾಯಾಳನ್ನೇ ನೋಡುತ್ತಿದ್ದಳು, ಅವಳಾದರೂ ಕಾರಣ ಹೇಳಿಯಾಳೆಂದು. ಮಾಯಾಳ ಬಲಗಿವಿಯಲ್ಲಿ ಗುಂಯ್ ಎನ್ನುವುದು ನಿಂತಿರಲಿಲ್ಲ. "ಪಾಣ್ಯಾವರೂನ ಭಾಂಡಣ," ಎಂದಳು. ನೀರಿನ ಜಗಳ. ಜಟ್ಟೆಪ್ಪ ದುಡ್ಡು ಕೊಟ್ಟವರ ಸಾಲಿಗೆ ಮೊದಲು ನೀರು ಬಿಡುತ್ತಿದ್ದನಂತೆ ಎಂದು ಅವ್ವ ಸೇರಿಸಿದಳು. ಹೌದಾ ಎಂದು ಹವಾಲ್ದಾರ ಮಾಯಾಳನ್ನು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

ಆ ಮಾತು ಟ್ಯಾಂಕರ್ ಮಾಲೀಕನ ಕಿವಿಗೂ ಹೋಯಿತು. ಆಸ್ಪತ್ರೆಯಲ್ಲಿದ್ದಾಗಲೇ ಜಟ್ಟೆಪ್ಪನನ್ನು ಕೆಲಸದಿಂದ ತೆಗೆದರು. ಅಂಬಾದಾಸ ಯೆರವಡಾ ಜೈಲಿನಲ್ಲಿದ್ದ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವ್ವ ನೋಡಿಬರುತ್ತಿದ್ದಳು, ಮಾಯಾ ಹೋಗಲಿಲ್ಲ.

ಬಾವು ಇಳಿದ ಮೇಲೆ ಮಾಯಾ ಓಢಣಿಯಿಂದ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋದಳು. ಕೇತಕಿ ಟೇಬಲ್ ಬಿಟ್ಟು ಎದ್ದು ಬಂದಳು. ಎಲ್ಲಿ ಹೋಗಿದ್ದೆ, ಫೋನ್ ಯಾಕೆ ಬಂದ್ ಆಗಿತ್ತು, ಮುಖಕ್ಕೇನಾಯಿತು ಎಂದು ಒಂದೇ ಉಸಿರಿಗೆ ಕೇಳಿದಳು. ಬಚ್ಚಲಲ್ಲಿ ಜಾರಿದೆ ಎಂದಳು ಮಾಯಾ. ಕೇತಕಿ ಲೊಚಗುಟ್ಟಿ, ತನ್ನ ಫೋನನ್ನು ಅವಳ ಮುಖದ ಮುಂದೆ ಹಿಡಿದಳು.

"ಕಡೀ ಎಪಿಸೋಡ್ ಬಂತು. ನೀ ಹೇಳಿದ್ದೇ ಖರೇ ಆತು ನೋಡ. ಅಣ್ಣನೇ ಆಕಿನ್ನ ತಳ್ಳ್ಯಾನ. ಮನ್ಯಾಗ ಎಲ್ಲಾರೂ ಯಾರು, ಯಾಕ ಅಂತ ಕೇಳತಾರ, ಅವ ಒಬ್ಬನೇ ಏನೂ ಕೇಳೂದಿಲ್ಲ, ಅದಕ್ಕ ಅವನೇ ಅಂತ ನೀ ಅಂದಿದ್ದಿ. ಗುಂಪಿನಾಗ ಎಲ್ಲಾರೂ ನಿನ್ನ ಹೊಗಳ್ಯಾರ."

ಪರದೆಯ ಮೇಲೆ ಚಪ್ಪಾಳೆಯ ಕೈಗಳು ಸಾಲಾಗಿ ಮೇಲೇರುತ್ತಿದ್ದವು. ಮಾಯಾ ಎಡಗಿವಿಯನ್ನು ಅವಳ ಕಡೆ ತಿರುಗಿಸಿದಳು.

"ಜಟ್ಟೆಪ್ಪ?"

"ಬದುಕ್ಯಾನ. ಒಂದು ಗೀರೂ ಇಲ್ಲ. ಹಂಗೇ ಚೆಂದ ಅದಾನ."

ಮಾಯಾ ಒರೆಸುವ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿದಳು. ನಲ್ಲಿ ಬಂದ್ ಮಾಡಿ, ನೀರು ಅಲುಗಾಡುವುದು ನಿಲ್ಲುವವರೆಗೆ ನೋಡುತ್ತ ನಿಂತಳು. ಅದರಲ್ಲಿ ಮೇಲಿನ ಟ್ಯೂಬ್‌ಲೈಟ್ ಕಾಣಿಸಿತು. ಆಮೇಲೆ ಫಿನಾಯಿಲ್ ಸುರಿದಳು.

ಜಟ್ಟೆಪ್ಪನದು ಹೋದದ್ದು ಒಂದು ಕಣ್ಣು, ಐದು ಹಲ್ಲು, ಕೆಲಸ. ಮಾಯಾಳದು ಎರಡು ಹಲ್ಲು, ಒಂದು ಕಿವಿ. ಅವ್ವನ ಫೋನು. ಅರ್ಧ ಟ್ಯಾಂಕರ್ ನೀರು.