ಲೇಡ್‌ಲಾ ಬೇಯಿಸಿದ ಅನ್ನ

೧೯೬೧ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನಿಂದ ಮರಳಿದ ಕಿಟ್ಟುವಿಗೆ ಮದರಾಸಿನ ತಿರುವಲ್ಲಿಕೇಣಿಯ ಮನೆಯಲ್ಲಿ ಪಂಚಗವ್ಯ ಕುಡಿಸಿ, ಸಮುದ್ರ ದಾಟಿದ ದೋಷ ಕಳೆದದ್ದಾಯಿತು. ನೆಂಟರು ಬಂದು ಹಿಮದ ಬಗ್ಗೆ, ಚಳಿಯ ಬಗ್ಗೆ, ದೊರೆಸಾನಿಯರ ಬಗ್ಗೆ ಕೇಳಿಕೊಂಡು ಹೋದರು. ತಂದೆ ಹರಿದಾಸರಾಯರು ಮಾತ್ರ ಏನೂ ಕೇಳಲಿಲ್ಲ. ಅವರಿಗೆ ಬೇಕಾದದ್ದು ಒಬ್ಬರ ಸುದ್ದಿ, ಮನೆ ಖಾಲಿಯಾಗಲೆಂದು ಕಾಯುತ್ತಿದ್ದಾರೆ ಎಂಬುದು ಕಿಟ್ಟುವಿಗೆ ಗೊತ್ತಿತ್ತು.

ತಿರುವೊಟ್ಟಿಯೂರಿನ ಗಿರಣಿಯಲ್ಲಿ ರಾಯರು ಹೆಡ್ ಕ್ಲಾರ್ಕ್ ಆಗಿದ್ದಾಗ ಲೇಡ್‌ಲಾ ಅಲ್ಲಿನ ಸ್ಕಾಟಿಷ್ ಮ್ಯಾನೇಜರು. ಮಿಕ್ಕ ಬಿಳಿಯರೆಲ್ಲ ಹೊರಟುಹೋದ ಮೇಲೂ ಕೆಲಕಾಲ ಉಳಿದಿದ್ದು, ಹೆಂಡತಿ ತೀರಿಕೊಂಡ ವರ್ಷ ತಮ್ಮೂರು ಸೇರಿದರು. ಇಬ್ಬರದೂ ಹೆಚ್ಚು ಮಾತಿಲ್ಲದ ಸ್ನೇಹ. ಕ್ರಿಸ್‌ಮಸ್ ದಿನ ರಾಯರು ತಪ್ಪದೆ ಬಂಗಲೆಗೆ ಹೋಗುತ್ತಿದ್ದರು. ಸಿಪ್ಪೆಯೊಳಗಿನ ಹಣ್ಣಿಗೆ ಮೈಲಿಗೆಯಿಲ್ಲವೆಂದು ವರಾಂಡದಲ್ಲಿ ಕೂತು ಒಂದು ಬಾಳೆಹಣ್ಣು ಸುಲಿದು ತಿಂದು, ನೀರನ್ನೂ ಮುಟ್ಟದೆ ಹಿಂದಿರುಗುತ್ತಿದ್ದರು. ದೊರೆ ಒಮ್ಮೆಯೂ ಬಲವಂತ ಮಾಡಿದವರಲ್ಲ.

ಕಿಟ್ಟುವಿಗೆ ಗ್ಲಾಸ್ಗೋದಲ್ಲಿ ಯಂತ್ರಗಳ ತರಬೇತಿ ಸಿಕ್ಕಾಗ ರಾಯರು, ಲೇಡ್‌ಲಾ ಅವರನ್ನು ಅವರ ಊರಲ್ಲೇ ನೋಡಿಕೊಂಡು ಬಾ ಎಂದರು. ಇನ್ನೂ ಏನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ತಾಯಿ ಭೀಮಾಬಾಯಿ ಒಳಗಿನಿಂದ ಬಂದರು. ಮಾತು ಅಲ್ಲಿಗೇ ನಿಂತಿತು.

ಒಂದು ಶನಿವಾರ ಕಿಟ್ಟು ಹೋದ. ಕುರಿಗಳು ಮೇಯುವ ಬೋಳು ಗುಡ್ಡಗಳನ್ನು ಬಳಸಿ ಬಸ್ಸು ಅವನನ್ನು ಇಳಿಸಿದ ಊರು ಬರ್ನ್‌ಫೂಟ್. ಒಂದೇ ಬೀದಿ, ಬೂದುಗಲ್ಲಿನ ಮನೆಗಳು, ಹಿಂದೆ ಒಂದು ಸಣ್ಣ ಹೊಳೆ. ಅಷ್ಟು ಮೌನವನ್ನು ಮದರಾಸಿನಲ್ಲಿ ಅವನು ಗ್ರಹಣದ ಹೊತ್ತಿನಲ್ಲೂ ಕಂಡಿರಲಿಲ್ಲ. ಲೇಡ್‌ಲಾ ಕೋಲೂರಿಕೊಂಡು ಕಾದು ನಿಂತಿದ್ದರು. ಟೋಪಿ ತೆಗೆದು ಅವನ ಮುಖವನ್ನೇ ನೋಡಿದರು. ಮೂಗು ಅಪ್ಪನದೇ ಎಂದರು.

ಮನೆಯೊಳಗೆ ಅನ್ನದ ವಾಸನೆಯಿತ್ತು. ಮೇಜಿನ ಮೇಲೆ ಹೊಳೆಯುವ ಹೊಸ ಪಾತ್ರೆ, ಪಕ್ಕದಲ್ಲಿ ಬೇಯಿಸಿದ ಬೇಳೆ. ಮುಚ್ಚಳದ ಹಿಡಿಗೆ ಅಂಗಡಿಯವರು ಕಟ್ಟಿದ್ದ ಚೀಟಿ ಇನ್ನೂ ತೂಗುತ್ತಿತ್ತು. ಅವನಿಗೆ ಕಾಣಲೆಂದೇ ಬಿಟ್ಟಿದ್ದರು. ಪಾತ್ರೆ, ಸೌಟು, ತಟ್ಟೆ ಎಲ್ಲ ಹೊಸದು, ಮನೆಗೆ ಮಾಂಸ ತರುವುದನ್ನೂ ನಿಲ್ಲಿಸಿದ್ದೇನೆ ಎಂದು ವಿವರಿಸಿದರು. ಆಮೇಲೆ ಕುರ್ಚಿ ಎಳೆದು, ಮರೆತುಹೋಗುತ್ತಿದ್ದ ಮದರಾಸಿನ ತಮಿಳಿನಲ್ಲಿ ಊಟಕ್ಕೆ ಕರೆದರು.

"ಸಾಪ್ಪಿಡು, ತಂಬಿ."

ಗ್ಲಾಸ್ಗೋದ ಬಾಡಿಗೆ ಮನೆಯಲ್ಲಿ ಮಾಂಸ ಬೆಂದ ಪಾತ್ರೆಯಲ್ಲೇ ಬೆಂದದ್ದನ್ನು ಕಿಟ್ಟು ದಿನವೂ ತಿನ್ನುತ್ತಿದ್ದ. ಮೊಟ್ಟೆಯೂ ರೂಢಿಯಾಗಿತ್ತು. ಆದರೆ ಆ ಕುರ್ಚಿಯ ಮುಂದೆ ನಿಂತಾಗ ಅವನು ಬರೀ ಹರಿದಾಸರಾಯರ ಮಗನಾಗಿಬಿಟ್ಟ. ಅಪ್ಪ ಇಷ್ಟು ವರ್ಷ ಉಳಿಸಿಕೊಂಡು ಬಂದ ಮಡಿಯನ್ನು, ಅದನ್ನು ಕಣ್ಣಾರೆ ಕಂಡ ಈ ಮನುಷ್ಯನ ಎದುರಿಗೆ ತಾನು ಕೆಡಿಸಬಾರದು ಅನ್ನಿಸಿತು. ಇವತ್ತು ಏಕಾದಶಿ, ಉಪವಾಸ ಎಂದುಬಿಟ್ಟ. ಏಕಾದಶಿ ಯಾವತ್ತೆಂಬುದೇ ಅವನಿಗೆ ಆ ದೇಶದಲ್ಲಿ ಮರೆತುಹೋಗಿತ್ತು.

ಲೇಡ್‌ಲಾ ತಲೆಯಾಡಿಸಿದರು. ಮೊದಲೇ ವಿಚಾರಿಸಬೇಕಿತ್ತು, ತಪ್ಪು ನನ್ನದು ಎನ್ನುತ್ತ ಪಾತ್ರೆಗೆ ಮುಚ್ಚಳ ಹಾಕಿದರು. ಕಪಾಟಿನಿಂದ ಒಂದು ಬಾಳೆಹಣ್ಣು ತಂದು ಅವನ ಕೈಗಿತ್ತರು. ಅವರೂ ಉಣ್ಣಲಿಲ್ಲ. ಬಸ್ಸು ಬರುವ ತನಕ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಕೊನೆಯ ನೆಂಟರೂ ಹೋದ ಸಂಜೆ ಕಿಟ್ಟು ಇದನ್ನೆಲ್ಲ ಹೇಳಿದ. ಏಕಾದಶಿ ಸುಳ್ಳೆಂಬುದೊಂದನ್ನು ಬಿಟ್ಟು. ಭೀಮಾಬಾಯಿಯ ಮುಖ ಅರಳಿತು. ನೋಡಿ, ದೊರೆ ಮನೆಯಲ್ಲಿ ನೀರೂ ಮುಟ್ಟಲಿಲ್ಲ ನನ್ನ ಮಗ ಎಂದು ಪಕ್ಕದ ಮನೆಯ ವೆಂಕಟಲಕ್ಷ್ಮಿಗೆ ಹೇಳಲು ಹಿತ್ತಲಿಗೆ ಹೋದರು. ರಾಯರು ಎದ್ದು ಹೊರಗಿನ ಜಗಲಿಯ ಮೇಲೆ ಕೂತರು. ಕಿಟ್ಟು ಹಿಂದೆಯೇ ಬಂದ.

"ಅಕ್ಕಿ ಎಲ್ಲಿ ಸಿಕ್ತಂತೆ ಅವರಿಗೆ?"

"ಎಡಿನ್‌ಬರೋಗೆ ಹೋಗಿ ತಂದ್ರಂತೆ ಅಪ್ಪಾ. ಬೇಳೆನೂ."

"ಕೋಲು ಹಿಡ್ಕೊಂಡು?"

ಬೀದಿಯಲ್ಲಿ ಮಲ್ಲಿಗೆ ಮಾರುವವಳು ಕೂಗಿಕೊಂಡು ದಾಟಿಹೋದಳು.

"ನೀನಾದ್ರೂ ಅವರ ಮನೇಲಿ ಕೂತು ಒಂದು ತುತ್ತು ಉಂಡು ಬರ್ತೀ ಅಂದ್ಕೊಂಡಿದ್ದೆ ಕಣೋ," ಎಂದರು ರಾಯರು. "ಹೊರಡೋವಾಗ ಅದನ್ನೇ ಹೇಳೋಕೆ ಬಂದೆ. ನಿಮ್ಮಮ್ಮ ಬಂದ್ಬಿಟ್ಲು."

"ನಿಮಗೆ ಸಂತೋಷ ಆಗತ್ತೆ ಅಂತ, ಅಪ್ಪಾ..."

"ಗೊತ್ತು. ನಾನೂ ನಮ್ಮಪ್ಪನಿಗೆ ಸಂತೋಷ ಆಗತ್ತೆ ಅಂತ್ಲೇ ಬಾಳೆಹಣ್ಣು ತಿಂದ್ಕೊಂಡು ಬರ್ತಿದ್ದೆ." ಬೀದಿಯ ಕಡೆ ತಿರುಗಿ, "ಶರಿ, ವಿಡು, ಹೋಗ್ಲಿ. ಇನ್ಯಾರು ಅಲ್ಲಿಗೆ ಹೋಗ್ತಾರೆ," ಎಂದರು.

ಗ್ಲಾಸ್ಗೋದ ಊಟದ ವಿಷಯ ಈಗಲಾದರೂ ಹೇಳಬೇಕೆಂದು ಕಿಟ್ಟು ಬಾಯಿ ತೆರೆದ. ಎಲ್ಲೆಂದರಲ್ಲಿ ಉಂಡವನು ಅಲ್ಲಿ ಮಾತ್ರ ಉಣ್ಣಲಿಲ್ಲವೆಂದು ಹೇಳಿದರೆ ಆ ಪಾತ್ರೆಯನ್ನು ಅಪ್ಪನ ಎದುರಿಗೆ ಇನ್ನೊಮ್ಮೆ ಮುಚ್ಚಿದಂತಾಗುತ್ತದೆ ಅನ್ನಿಸಿ ಹೇಳದೆ ಬಿಟ್ಟ.

ಒಳಗಿನಿಂದ ಭೀಮಾಬಾಯಿ ಎಲೆ ಹಾಕಿ ಕರೆದರು. ರಾಯರು ಏಳಲಿಲ್ಲ, ನೀನು ಹೋಗು ಎಂದು ಕೈ ಮಾಡಿದರು. ಕಿಟ್ಟು ಹೋಗಿ ಎಲೆಯ ಮುಂದೆ ಕೂತ. ಅಲ್ಲಿ ಎಷ್ಟು ಹಸಿದಿದ್ದೆಯೋ ಏನೋ ಎನ್ನುತ್ತ ತಾಯಿ ಬಿಸಿ ಅನ್ನ ಬಡಿಸುತ್ತಲೇ ಇದ್ದರು. ಸಾಕು ಎನ್ನಲೂ ಆಗದೆ, ತಲೆ ಎತ್ತದೆ ಅವನು ಉಂಡ.