ಖಾಲಿ ಹಾಳೆಯ ಮೇಲಿನ ಸಹಿ

ಆ ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒಂದು ರೂಢಿ. ತಿಂಗಳ ಮೊದಲ ದಿನವೇ ಸೂಪರ್‌ವೈಸರ್ ಹೆಚ್ಚುವರಿ ಪಾಳಿಯ ಹಾಳೆ ತರುತ್ತಾನೆ. ಎಷ್ಟು ಪಾಳಿ ಎಂದು ಬರೆಯುವ ಜಾಗ ಖಾಲಿ.

“ಕೊನೇಲಿ ನಿಮ್ಮನ್ನೆಲ್ಲ ಎಲ್ಲಿ ಹುಡುಕ್ಲಿ? ಈಗ್ಲೇ ಸಹಿ ಹಾಕ್ಬಿಡಿ.”

ಒದ್ದೆ ಕೈ ಒರೆಸಿಕೊಂಡು ಎಲ್ಲರೂ ಹಾಕುತ್ತಾರೆ. ಎಲ್ಲರಿಗಿಂತ ಹಿರಿಯಳಾದ ಅಕ್ಕಯ್ಯನೂ ಹದಿನಾಲ್ಕು ವರ್ಷದಿಂದ ಹಾಕುತ್ತಿದ್ದಳು. ಆ ಪಾಳಿಗಳ ಹಣ ಬರುವುದೂ ಸೂಪರ್‌ವೈಸರ್ ಕೈಯಿಂದಲೇ.

ಒಂದು ದಿನ ಅವಳ ಮನೆಗೆ ನಿಗಾ ಕಚೇರಿಯಿಂದ ಕಾಗದ ಬಂತು. ಸರ್ಕಾರಿ ನೌಕರರ ಸಂಬಳ, ಇಲಾಖೆಗಳ ನಡವಳಿಕೆ ಇವುಗಳ ಮೇಲೆ ಕಣ್ಣಿಡುವ ಕಚೇರಿ ಅದು. ಅಕ್ಕಯ್ಯ ಹೋದ ಬೇಸಿಗೆಯ ಒಂದು ತಿಂಗಳಲ್ಲಿ ಹನ್ನೊಂದು ಹೆಚ್ಚುವರಿ ಪಾಳಿ ಮಾಡಿದ್ದಾಳೆಂದು ಹಣ ಎತ್ತಲಾಗಿದೆ, ಬಂದು ಹೇಳಿಕೆ ಕೊಡಿ ಎಂದಿತ್ತು.

ಆ ತಿಂಗಳು ಮೂರನೆಯ ತಾರೀಖಿಗೇ ಅವಳು ಸೋಪಿನ ನೀರಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು! ಆ ಹಣವೂ ಅವಳ ಕೈ ಸೇರಿರಲಿಲ್ಲ.

“ಕಾಗದ ತೋರ್ಸಿದ್ರೆ, ಮಾಡಿದ್ದೆ ಅಂದ್ಬಿಡು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂತಾನೆ ಸೂಪರ್‌ವೈಸರ್,” ಎಂದಳು ಮನೆಯಲ್ಲಿ.

“ಅಂದ್ಬಿಡು ಮತ್ತೆ,” ಎಂದ ದರ್ಜಿ ಗಂಡ. “ಕೆಲಸ ಹೋದ್ರೆ ಈ ಹಳೇ ಮಿಷನ್ನು ಇಬ್ಬರ ಹೊಟ್ಟೆ ತುಂಬಿಸುತ್ತಾ?”

ಖಜಾನೆಯಲ್ಲಿ ಗುಮಾಸ್ತೆಯಾಗಿದ್ದ ನಾದಿನಿ ಅಲ್ಲೇ ಕೂತಿದ್ದಳು. “ಅಣ್ಣಾ, ಪ್ಲಾಸ್ಟರ್ ಹಾಕಿದ್ದಾಗ ಅತ್ತಿಗೆ ಯಾವ ಕಾಲಲ್ಲಿ ನಡ್ಕೊಂಡು ಹೋದ್ರು? ನೀನೇನಾದ್ರೂ ಸಾಲ ಕೊಟ್ಟಿದ್ಯಾ?”

“ನಗಬೇಡ್ವೇ,” ಎಂದಳು ಅಕ್ಕಯ್ಯ. “ಸಹಿ ನಂದೇ. ನಾಳೆ ನನ್ನನ್ನೇ ಕಳ್ಳಿ ಅಂದ್ರೆ?”

ನಾದಿನಿ ಗಂಭೀರಳಾದಳು. “ಆ ಭಯ ಇರೋದಕ್ಕೇ ಈಗ್ಲೇ ನಿಜ ಹೇಳ್ಬೇಕು. ಖಾಲಿ ಹಾಳೆಗೆ ಸಹಿ ಹಾಕಿದ್ದು ತಪ್ಪು, ಒಪ್ಕೊಳ್ಳಿ. ಆದ್ರೆ ಮಾಡದ ಪಾಳಿನ ಮಾಡಿದ್ದೆ ಅಂದ್ರೆ, ಆ ಸುಳ್ಳು ನಿಮ್ಮದೇ ಆಗುತ್ತೆ. ರಜೆ ಪಟ್ಟಿ, ಪಾಳಿ ಹಾಳೆ ಪಕ್ಕಪಕ್ಕ ಇಟ್ಟು ನೋಡಿಯೇ ಅವರು ಕರೆದಿರೋದು.”

“ಅವರೂ ಸೂಪರ್‌ವೈಸರ್ ಕಡೆಯೋರೇ ಆಗಿದ್ರೆ?” ಗಂಡ ಬಿಡಲಿಲ್ಲ.

“ಅವರು ಆಸ್ಪತ್ರೆಯ ಕೈಕೆಳಗೆ ಬರಲ್ಲ ಅಣ್ಣ. ಆದ್ರೂ ಬಾಯಿಮಾತಲ್ಲಿ ಮುಗಿಸ್ಬೇಡಿ. ಬರೆದು ಕೊಡಿ, ನಕಲು ಇಟ್ಕೊಳ್ಳಿ, ಸ್ವೀಕೃತಿ ಚೀಟಿ ಸಿಗೋ ತನಕ ಏಳ್ಬೇಡಿ.”

ಗಂಡ ಕೈಯಲ್ಲಿದ್ದ ಸೂಜಿ ದಾರ ಬದಿಗಿಟ್ಟ. ಆಮೇಲೆ ಎದ್ದು ಬೀರುವಿನ ಹಿಂದಿನಿಂದ ಅವಳ ಕಾಲಿನ ಎಕ್ಸ್‌ರೇ ಎಳೆದ. “ಇದನ್ನೂ ತಗೋ. ನಾನೂ ಬರ್ತೀನಿ.”

ನಿಗಾ ಕಚೇರಿಯ ಅಧಿಕಾರಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಕ್ಕಯ್ಯ ಸಹಿಯ ರೂಢಿಯನ್ನು ಏನೂ ಬಿಡದೆ ಹೇಳಿದಳು. ಅದನ್ನೇ ಬರೆದುಕೊಟ್ಟು ಸ್ವೀಕೃತಿ ಚೀಟಿ ಪಡೆದಳು. ತನಿಖೆಗೆ ತಿಂಗಳುಗಳೇ ಬೇಕು, ಹೇಳಿಕೆ ಕೊಟ್ಟಿದ್ದಕ್ಕೆ ಯಾರಾದರೂ ತೊಂದರೆ ಕೊಟ್ಟರೆ ಅದನ್ನೂ ಬರೆದು ತಿಳಿಸಿ ಎಂದರು ಅಧಿಕಾರಿ.

ಮರುದಿನ ಸೂಪರ್‌ವೈಸರ್ ಮುಖ ತಿರುಗಿಸಿಕೊಂಡ. ಮಧ್ಯಾಹ್ನ ಇಸ್ತ್ರಿ ಮಾಡುವ ಹುಡುಗಿ ಹತ್ತಿರ ಬಂದು ಪಿಸುಗುಟ್ಟಿದಳು: “ಅಕ್ಕಯ್ಯ, ನಂಗೂ ಆ ಕಾಗದ ಬಂದಿದೆ. ಹೆರಿಗೆ ರಜೇಲಿ ನಾನೂ ಒಂಬತ್ತು ಪಾಳಿ ದುಡಿದಿದ್ದೀನಂತೆ. ಆ ಕಚೇರಿಗೆ ನನ್ನ ಜೊತೆ ಬರ್ತೀರಾ?”

“ಬರ್ತೀನಿ ಕಣೇ. ರಜೆ ಚೀಟಿ ಮರೀಬೇಡ.”

ಓದುತ್ತಿರುವವರೇ, ಭಯ ನಿಮಗೂ ಇರುತ್ತದೆ, ಅದು ಸಹಜ. ಆದರೆ ಸರ್ಕಾರಿ ಸಂಬಳ ನಾವೆಲ್ಲ ಕಟ್ಟುವ ತೆರಿಗೆಯ ಹಣ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಸುಮ್ಮನಿರಬೇಡಿ. ದಾಖಲೆ ಹಿಡಿದು ನಿಗಾ ಕಚೇರಿಗೆ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.